ದಾರ ಕಾಣುವ ದೆವ್ವಗಳು



ಒಳ್ಳೆಯದನ್ನು ಪ್ರೀತಿಸಬೇಕೆಂದು ನಾವೆಲ್ಲರೂ ಬಾಲ್ಯದಿಂದಲೇ ಕಲಿತು ಬಂದಿದ್ದೇವೆ. ಒಳ್ಳೆಯ ಪುಸ್ತಕ, ಒಳ್ಳೆಯ ಸಂಗೀತ, ಒಳ್ಳೆಯ ಗೆಳೆತನ, ಇವುಗಳ ಮೇಲಿನ ಒಲವಿಗೆ ಯಾರೂ ನಮ್ಮಿಂದ ಕಾರಣ ಕೇಳುವುದಿಲ್ಲ. ಆದರೆ ಒಂದು ವಸ್ತು ಅಷ್ಟೇನೂ ಚೆನ್ನಾಗಿಲ್ಲವೆಂದು ಬಲ್ಲ ಮನುಷ್ಯನೇ ಅದನ್ನು ಅಕ್ಕರೆಯಿಂದ ಮತ್ತೆ ಮತ್ತೆ ನೋಡುತ್ತಾನೆಂದರೆ ಅದಕ್ಕೆ ಏನೆನ್ನೋಣ? ಅದು ಅಭಿರುಚಿಯ ಕೊರತೆಯೇ? ಬರಿಯ ಕಾಲಹರಣವೇ? ಅಥವಾ ಅದರೊಳಗೂ ನಾವು ಕಲಿಯತಕ್ಕ ಪಾಠವೊಂದು ಅಡಗಿದೆಯೇ?

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ. ಹಲಸಿನ ಹಣ್ಣಿಗೆ ಹೆಸರಾದ ಆ ಊರಿನಲ್ಲಿ ನೆಲೆಸಿರುವ ಒಂದು ಕುಟುಂಬವನ್ನು ಕಾಣಲು ಹೋಗಿದ್ದೆ. ಕಾಫಿಯ ಲೋಟವನ್ನು ಕೈಗೆ ಕೊಡುತ್ತ ಮನೆಯಾಕೆ ದೂರು ಹೇಳಿದರು: "ಸ್ವಾಮಿ, ಇವರಿಗೆ ನೀವಾದರೂ ಸ್ವಲ್ಪ ಬುದ್ಧಿ ಹೇಳಿ. ಜಪಸರ ಮುಗಿಯೋದೇ ತಡ, ಮೊಬೈಲಿನಲ್ಲಿ ಹಳೇ ದೆವ್ವದ ಸಿನಿಮಾ ಹಾಕ್ಕೊಂಡು ಕೂತ್ಕೋತಾರೆ." ಕಾಲೇಜಿಗೆ ಹೋಗುವ ಮಗಳು ಕೂಡಲೇ ದನಿಗೂಡಿಸಿದಳು: "ಬಾವಲಿ ಹಾರುವಾಗ ಅದನ್ನು ಕಟ್ಟಿರೋ ದಾರ ಕಾಣಿಸುತ್ತೆ ಸ್ವಾಮಿ. ಅದನ್ನೂ ಅಪ್ಪ ಎರಡೆರಡು ಸಲ ನೋಡ್ತಾರೆ." ಮನೆಯ ಯಜಮಾನರು ನಾಚಿಕೊಳ್ಳಲಿಲ್ಲ. "ದಾರ ಕಾಣಿಸುತ್ತೆ, ನಿಜ. ಅದಕ್ಕೇ ನನಗೆ ಇಷ್ಟ" ಎಂದರು.

ಗುರುಮಠದಲ್ಲಿ ನಾನು ಓದಿದ ತತ್ತ್ವಶಾಸ್ತ್ರದ ಪುಸ್ತಕಗಳಲ್ಲಿ ಸೌಂದರ್ಯದ ಬಗ್ಗೆ ಬಹಳ ಮಾತುಗಳಿದ್ದವು. ಇಷ್ಟು ಚಿಕ್ಕದಾಗಿ ಹೇಳಿದ ಮಾತು ಅವುಗಳಲ್ಲಿ ಕಡಿಮೆ. ಆದುದರಿಂದ ಅವರ ಉತ್ತರವನ್ನೇ ಹಿಡಿದು ನಾವು ಸ್ವಲ್ಪ ಮುಂದೆ ಹೋಗೋಣ.

ತುಮಕೂರು ಸೀಮೆಯ ಜನರಿಗೆ ಕಣ್ಕಟ್ಟಿನ ಕಲೆ ಹೊಸತೇನಲ್ಲ. 1884ರಲ್ಲಿ ಸ್ಥಾಪನೆಯಾಗಿ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನಾದ್ಯಂತ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಇದೇ ತಾಲ್ಲೂಕಿನದು. 'ಕುರುಕ್ಷೇತ್ರ' ನಾಟಕದಲ್ಲಿ ವೀರಣ್ಣನವರು ಜೀವಂತ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಜನ ಬೆರಗಾದರು. ಆದರೆ ಆ ರಂಗ ಹಲಗೆಗಳ ಮೇಲೆ ನಿಂತಿದೆ, ಹಿಂದಿನ ಅರಮನೆ ಬಟ್ಟೆಯ ಮೇಲೆ ಬರೆದದ್ದು ಎಂಬುದನ್ನು ಯಾರೂ ಮರೆತಿರಲಿಲ್ಲ. ಗೊತ್ತಿದ್ದೂ ಬೆರಗಾಗುವುದು, ಬೆರಗಾಗುತ್ತಲೇ ಗೊತ್ತಿರುವುದು ನಾಟಕ ನೋಡುವವನ ಸುಖ.

ಆ ಸುಖವನ್ನು ಮುಂದೆ ಟೆಂಟ್ ಸಿನಿಮಾ ವಹಿಸಿಕೊಂಡಿತು. ಐವತ್ತು ದಾಟಿದ ಓದುಗರಿಗೆ ಟೂರಿಂಗ್ ಟಾಕೀಸನ್ನು ವಿವರಿಸಬೇಕಾಗಿಲ್ಲ. ನೆಲದ ಟಿಕೆಟ್ಟಿನವರು ಮರಳನ್ನು ಗುಡ್ಡೆ ಮಾಡಿಕೊಂಡು ಕೂರುತ್ತಿದ್ದರು. ರೀಲು ಬದಲಿಸುವಾಗ ದೀಪ ಹತ್ತುತ್ತಿತ್ತು. ತೆರೆಯ ಮೇಲೆ ದೆವ್ವ ಬಂದಾಗ ಮಕ್ಕಳು ತಾಯಿಯ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದರು, ಹಾಗೆಯೇ ಸಂದಿಯಿಂದ ನೋಡುತ್ತಲೂ ಇದ್ದರು. ಅಲ್ಲಿನ ಭಯ ಒಬ್ಬೊಬ್ಬರದಾಗಿರಲಿಲ್ಲ. ಊರಿಗೆ ಊರೇ ಸೇರಿ ಹೆದರಿ, ಊರಿಗೆ ಊರೇ ನಕ್ಕು, ರಾತ್ರಿ ಒಟ್ಟಾಗಿ ಮಾತಾಡುತ್ತ ಮನೆಗೆ ಮರಳುತ್ತಿತ್ತು.

ಈ ಬಗೆಯ ಚಿತ್ರಗಳಿಗೆ ದಕ್ಷಿಣ ಭಾರತದಲ್ಲಿ ದೊಡ್ಡ ಹೆಸರು ಬಿ. ವಿಠಲಾಚಾರ್ಯರದು. 1920ರಲ್ಲಿ ಉಡುಪಿಯ ಬಳಿಯ ಉದ್ಯಾವರದಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ಅರಸೀಕೆರೆಗೆ ಬಂದು ದುಡಿದರು. ಮುಂದೆ ಗೆಳೆಯರೊಡನೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ನಡೆಸಿದರು. ಅಲ್ಲಿಂದ ಮೈಸೂರಿನ ಮಹಾತ್ಮ ಪಿಕ್ಚರ್ಸ್‌ಗೆ ಬಂದು ಡಿ. ಶಂಕರ್ ಸಿಂಗ್ ಅವರ ಜೊತೆಗಾರರಾದರು. 1951ರ ಕನ್ನಡ 'ಜಗನ್ಮೋಹಿನಿ' ಆ ಸಂಸ್ಥೆಯ ಹೆಸರಾಂತ ಚಿತ್ರ. ಬಳಿಕ ವಿಠಲಾಚಾರ್ಯರು ತೆಲುಗಿಗೆ ಹೋಗಿ 'ಜಾನಪದ ಬ್ರಹ್ಮ' ಎನಿಸಿಕೊಂಡರು. 1978ರಲ್ಲಿ ಅದೇ ಹೆಸರಿನ ತೆಲುಗು ಚಿತ್ರವನ್ನು ನಿರ್ದೇಶಿಸಿದರು. ಅದರಲ್ಲಿ ದೆವ್ವವು ಸೌದೆಯ ಬದಲು ತನ್ನ ಕಾಲುಗಳನ್ನೇ ಒಲೆಗೆ ಇಟ್ಟು ಅಡಿಗೆ ಮಾಡುತ್ತದೆ. ಆ ದೃಶ್ಯವನ್ನು ಕಂಡವರು ಇಂದಿಗೂ ಮರೆತಿಲ್ಲ. ಇದು ಹೆದರಿಸುವ ದೃಶ್ಯವೇ, ನಗಿಸುವ ದೃಶ್ಯವೇ? ಎರಡೂ ಹೌದು. ಮರುದಿನ ಬೆಳಗ್ಗೆ ಒಲೆ ಹಚ್ಚುವ ಗೃಹಿಣಿಗೆ ಅದು ನೆನಪಾದರೆ ಭಯಕ್ಕಿಂತ ಮೊದಲು ನಗುವೇ ಬರುತ್ತದೆ.

ನಮ್ಮ ಕಾವ್ಯಮೀಮಾಂಸೆಗೆ ಈ ಅನುಭವ ಅಪರಿಚಿತವಲ್ಲ. ಭರತಮುನಿಯ ನಾಟ್ಯಶಾಸ್ತ್ರವು ಶೃಂಗಾರ, ವೀರಗಳ ಜೊತೆಯಲ್ಲೇ ಭಯಾನಕ, ಬೀಭತ್ಸ, ಅದ್ಭುತಗಳಿಗೂ ರಸಗಳೆಂದು ಮರ್ಯಾದೆಯ ಸ್ಥಾನ ಕೊಟ್ಟಿತು. ರಸವು ತಪ್ಪು ಜಾಗದಲ್ಲಿ ಅಥವಾ ತಪ್ಪು ಅಳತೆಯಲ್ಲಿ ಬಂದಾಗ ಅದು ರಸಾಭಾಸವಾಗುತ್ತದೆ ಎಂದೂ, ಯಾವುದೇ ರಸದ ಆಭಾಸ ಹಾಸ್ಯದ ಕಡೆಗೆ ಹೊರಳುತ್ತದೆ ಎಂದೂ ಅಭಿನವಗುಪ್ತ ತಿಳಿದಿದ್ದನು. ಹಳೆಯ ದೆವ್ವದ ಚಿತ್ರ ನೋಡುತ್ತ ನಗುವ ನಮ್ಮ ಚೇಳೂರಿನ ಮಿತ್ರರು ಹಾಗಾದರೆ ರಸಜ್ಞರ ಸಾಲಿನಿಂದ ಹೊರಗೆ ಬಿದ್ದವರಲ್ಲ. ಗ್ರೀಸಿನ ಅರಿಸ್ಟಾಟಲ್ ಕೂಡ ಎದುರಿಗೆ ಕಂಡರೆ ನಾವು ಹೇಸುವ ವಸ್ತುಗಳ, ಹೆಣಗಳ ಕೂಡ, ಚಿತ್ರವನ್ನು ನೋಡಿ ಸಂತೋಷಪಡುತ್ತೇವೆ ಎಂದು ಗಮನಿಸಿದ್ದನು. ಕಲೆಯಲ್ಲಿ ಭಯವನ್ನು ದೂರ ನಿಲ್ಲಿಸಿ, ಗುರುತಿಸಿ, ಅದಕ್ಕೊಂದು ಹೆಸರು ಕೊಡಲು ಸಾಧ್ಯವಾಗುತ್ತದೆ.

ಇನ್ನು ಧರ್ಮಸಭೆಯ ಮಾತು. ದೆವ್ವ, ರಾಕ್ಷಸ, ಅನ್ಯಗ್ರಹದ ಜೀವಿ ಎಂದರೆ ಧರ್ಮಗುರುಗಳು ಮುಖ ಸಿಂಡರಿಸುತ್ತಾರೆ ಎಂಬ ಭಾವನೆ ಹಲವರಲ್ಲಿದೆ. 1936ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಚಲನಚಿತ್ರಗಳ ಕುರಿತು ಒಂದು ವಿಶ್ವಪತ್ರವನ್ನು ಬರೆದರು. ಕೆಟ್ಟ ಚಿತ್ರಗಳ ವಿರುದ್ಧ ಅದರಲ್ಲಿ ಕಟುವಾದ ಎಚ್ಚರಿಕೆಯಿದೆ. ದುಡಿದು ದಣಿದವರಿಗೆ ಮನರಂಜನೆ ಅಗತ್ಯ ಎಂಬ ಒಪ್ಪಿಗೆಯೂ ಅದರಲ್ಲಿದೆ. ಚಲನಚಿತ್ರಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಮಹತ್ವದ ಚಿತ್ರಗಳ ಪಟ್ಟಿಯನ್ನು ಹೊರಡಿಸಿತು. ಧರ್ಮ, ಮೌಲ್ಯ, ಕಲೆ ಎಂಬ ಮೂರು ವಿಭಾಗಗಳು. ಕಲೆಯ ವಿಭಾಗದಲ್ಲಿ 1922ರ 'ನೊಸ್ಫೆರಾಟು' ಇದೆ, ಅದು ರಕ್ತ ಹೀರುವ ಪಿಶಾಚಿಯ ಕಥೆ. 1927ರ 'ಮೆಟ್ರೊಪೊಲಿಸ್' ಇದೆ, ಅದರಲ್ಲಿ ಹೆಣ್ಣಿನ ರೂಪದ ಯಂತ್ರಮಾನವಿಯಿದ್ದಾಳೆ. 1968ರ '2001: ಎ ಸ್ಪೇಸ್ ಒಡಿಸ್ಸಿ' ಕೂಡ ಇದೆ. ಇವು ಶ್ರೇಷ್ಠ ಕೃತಿಗಳು, ಬಾವಲಿಯ ದಾರ ಕಾಣುವ ಚಿತ್ರಗಳಲ್ಲ ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಪಿಶಾಚಿ ಅಥವಾ ಅಂತರಿಕ್ಷ ಕಥೆಯ ವಸ್ತುವಾದ ಮಾತ್ರಕ್ಕೆ ಒಂದು ಚಿತ್ರ ಕ್ರೈಸ್ತ ಮನೆಗೆ ನಿಷಿದ್ಧವಾಗುವುದಿಲ್ಲ ಎಂಬುದಂತೂ ಇದರಿಂದ ತಿಳಿಯುತ್ತದೆ.

ಸಂತ ಥಾಮಸ್ ಅಕ್ವಿನಾಸರು ಆಟ ವಿನೋದಗಳಲ್ಲೂ ಒಂದು ಸದ್ಗುಣವಿದೆ ಎಂದು ಕಲಿಸಿದರು. ಪ್ರೇಷಿತ ಯೊವಾನ್ನರ ಬಗ್ಗೆ ಹಿಂದಿನಿಂದ ಬಂದ ಒಂದು ಕಥೆಯನ್ನು ಅವರು ಉದಾಹರಿಸುತ್ತಾರೆ. ಶಿಷ್ಯರೊಡನೆ ವಿನೋದವಾಗಿದ್ದ ಯೊವಾನ್ನರನ್ನು ಕಂಡು ಕೆಲವರು ಬೇಸರಗೊಂಡರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಅದನ್ನು ಸದಾ ಬಿಗಿದೇ ಇಟ್ಟರೆ ಏನಾಗುತ್ತದೆ ಎಂದು ಅವರು ಕೇಳಿದರು. ಮುರಿಯುತ್ತದೆ ಎಂದನಾತ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ಇತರರ ಸಂತೋಷಕ್ಕೆ ಸದಾ ಅಡ್ಡ ಬರುವ ಗಂಟುಮೋರೆಯೂ ಒಂದು ದೋಷವೆಂದೇ ಸಂತ ಥಾಮಸರ ಅಭಿಪ್ರಾಯ.

ಆದರೆ ಇಷ್ಟಕ್ಕೇ ಮಾತು ಮುಗಿಸಿದರೆ ಸುಲಭದ ಸಮಾಧಾನವಾದೀತು. ಸಂತ ಅಗಸ್ತೀನರು ತಮ್ಮ ಆತ್ಮಕಥೆಯಲ್ಲಿ ನಾಟಕದ ಗೀಳಿನ ಬಗ್ಗೆ ಖಂಡಿತವಾದ ಮಾತುಗಳನ್ನಾಡಿದ್ದಾರೆ. ರಂಗದ ಮೇಲಿನ ಸುಳ್ಳು ದುಃಖಕ್ಕೆ ಕಣ್ಣೀರು ಸುರಿಸಿ ಅದರಲ್ಲೇ ಸುಖ ಕಾಣುವುದು ಎಂಥ ಕರುಣೆ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಯನ್ನು ಭಯಕ್ಕೂ ಅನ್ವಯಿಸಬಹುದು. ತೆರೆಯ ಮೇಲಿನ ಭಯ ತೆರೆಯಲ್ಲೇ ಉಳಿಯುತ್ತದೆಯೇ? ಅದು ಇಳಿದು ಬೀದಿಗೆ ಬಂದರೆ ಯಾರ ಮನೆಯ ಬಾಗಿಲನ್ನು ತಟ್ಟುತ್ತದೆ?

1990ರ ದಶಕದ ಕರ್ನಾಟಕವನ್ನು ನೆನಪು ಮಾಡಿಕೊಳ್ಳಿ. ರಾತ್ರಿಯ ಹೊತ್ತು ಹೆಣ್ಣು ದೆವ್ವವೊಂದು ಬಂದು, ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ, ತೆರೆದರೆ ಸಾವು ಖಚಿತ ಎಂಬ ವದಂತಿ ಹಬ್ಬಿತು. ಬೆಂಗಳೂರಿನ ಬಡಾವಣೆಗಳಲ್ಲೂ ಹಳ್ಳಿಗಳಲ್ಲೂ ಬಾಗಿಲು ಗೋಡೆಗಳ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡಿತು. ದೆವ್ವ ಅದನ್ನು ಓದಿ ಹಿಂದಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದಿ ಹಿಂದಿರುಗುತ್ತದೆಯಂತೆ. ಇಂದು ಅದನ್ನು ನೆನೆದು ನಾವು ನಗುತ್ತೇವೆ. 2018ರಲ್ಲಿ ಬಂದ 'ಸ್ತ್ರೀ' ಎಂಬ ಹಿಂದಿ ಚಿತ್ರ ಇದೇ ವದಂತಿಯನ್ನು ಬಳಸಿಕೊಂಡು ಜನರನ್ನು ನಗಿಸಿತು. ಆದರೆ ಆ ದಿನಗಳಲ್ಲಿ ಬಸ್ಸು ತಪ್ಪಿಸಿಕೊಂಡು, ಕೈಯಲ್ಲಿ ಮಗುವನ್ನೆತ್ತಿಕೊಂಡು, ಅಪರಿಚಿತ ಊರಿನಲ್ಲಿ ನೀರಿಗಾಗಿ ಬಾಗಿಲು ತಟ್ಟಿದ ಹೆಂಗಸೊಬ್ಬಳಿದ್ದರೆ ಅವಳ ಗತಿಯೇನು? ಅವಳ ಪಾಲಿಗೆ ಆ ಎರಡು ಪದಗಳು ತಮಾಷೆಯಾಗಿರಲಾರವು.

ಇಲ್ಲೇ ಈ ಪ್ರಶ್ನೆಯ ಮರ್ಮವಿದೆ. ನಮ್ಮ ದೆವ್ವದ ಚಿತ್ರಗಳಲ್ಲಿ ದೆವ್ವ ಬಹುಪಾಲು ಹೆಣ್ಣೇ. ಬಿಚ್ಚಿದ ಕೂದಲು, ಬಿಳಿಯ ಸೀರೆ, ಕಾಲ್ಗೆಜ್ಜೆಯ ಸದ್ದು. 1979ರ ಕನ್ನಡ ಚಿತ್ರ 'ನಾ ನಿನ್ನ ಬಿಡಲಾರೆ'ಯಲ್ಲಿ ಅನಂತನಾಗ್ ಅವರ ಪಾತ್ರವನ್ನು ಹಿಡಿದು ಕಾಡುವುದೂ ಹೆಣ್ಣಿನ ಆತ್ಮವೇ. ಚಿತ್ರ ಚಿತ್ರವಾಗಿ ಸೊಗಸಾಗಿದೆ, ಅಭಿನಯ ಮೆಚ್ಚುವಂಥದು. ಆದರೆ ಬಿಚ್ಚಿದ ಕೂದಲಿನ ಒಂಟಿ ಹೆಣ್ಣನ್ನು ಕಂಡರೆ ಅನುಮಾನಪಡಬೇಕು ಎಂಬ ಪಾಠವನ್ನು ಇಂಥ ನೂರು ಚಿತ್ರಗಳಿಂದ ಯಾರಾದರೂ ಮನೆಗೆ ಕೊಂಡೊಯ್ದರೆ ಅದು ಕೇವಲ ರಸಾಭಾಸವಲ್ಲ, ಅನ್ಯಾಯ. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಕಟ್ಟಿಹಾಕುವುದು, ಹೊಡೆಯುವುದು ನಡೆಯುತ್ತಿದ್ದುದರಿಂದಲೇ ನಮ್ಮ ರಾಜ್ಯ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ಕಾನೂನು ಮಾಡಬೇಕಾಯಿತು. ಆ ಕಾನೂನು 2020ರಿಂದ ಜಾರಿಯಲ್ಲಿದೆ. ಜ್ವರ ಬಂದವರಿಗೆ, ಮನಸ್ಸು ಕದಡಿದವರಿಗೆ ಬೇಕಾದದ್ದು ವೈದ್ಯರು ಮತ್ತು ಮಮತೆ. ಅವರಿಗೆ ಬೆತ್ತ ಸಿಕ್ಕಿತೆಂದರೆ ಅಲ್ಲಿ ಯಾರಿಗೂ ದಾರ ಕಾಣುತ್ತಿಲ್ಲ ಎಂದರ್ಥ.

ಈಗ ಚೇಳೂರಿನ ಮಾತಿನ ಬೆಲೆ ತಿಳಿಯುತ್ತದೆ. ದಾರ ಕಾಣುವ ದೆವ್ವ ಪ್ರಾಮಾಣಿಕ ದೆವ್ವ. 'ನಾನು ಮಾಡಿದ ವಸ್ತು, ಒಬ್ಬ ಮನುಷ್ಯ ಮೇಲೆ ಕುಳಿತು ನನ್ನನ್ನು ಆಡಿಸುತ್ತಿದ್ದಾನೆ, ಬೇಕಿದ್ದರೆ ಹೆದರು, ಬೇಡದಿದ್ದರೆ ನಗು' ಎಂದು ಅದು ನಮ್ಮ ಒಪ್ಪಿಗೆಯನ್ನು ಕೇಳುತ್ತದೆ. ಇಂದು ಗಣಕಯಂತ್ರಗಳು ಒಬ್ಬ ಮನುಷ್ಯನ ಮುಖವನ್ನೂ ದನಿಯನ್ನೂ ಎಳೆಯಷ್ಟೂ ಕಾಣದ ಹಾಗೆ ಕದ್ದು, ಆತ ಆಡದ ಮಾತನ್ನು ಆಡಿಸಬಲ್ಲವು. ಅವು ನಮ್ಮ ಒಪ್ಪಿಗೆ ಕೇಳುವುದಿಲ್ಲ. ಪರಿಚಿತರ ದನಿಯಲ್ಲಿ ಕರೆದು ಮೋಸಮಾಡುವ ಅಂದಿನ ವದಂತಿಯ ದೆವ್ವ ಇಂದು ನಿಜವಾಗಿಯೇ ಫೋನಿನಲ್ಲಿ ಬಂದು ಹಣ ಕೇಳುತ್ತದೆ. ದಾರ ಎಲ್ಲಿದೆಯೆಂದು ಹುಡುಕುವ ಅಭ್ಯಾಸ ಹಳೆಯ ಚಿತ್ರಗಳಿಂದ ನಮ್ಮ ಮಕ್ಕಳಿಗೆ ಬಂದರೆ ಅದೂ ಒಂದು ವಿದ್ಯೆಯೇ.

ಆದರೆ ದಾರ ಕಂಡಾಗ ನಾವು ನಗುವ ನಗು ಎಂಥದು? ಇದನ್ನೂ ಪರೀಕ್ಷಿಸಿಕೊಳ್ಳಬೇಕು. ಅಮೆರಿಕದಲ್ಲಿ ಎಡ್ ವುಡ್ ಎಂಬ ನಿರ್ದೇಶಕನಿದ್ದ. ದುಡ್ಡಿಲ್ಲದೆ, ಸಮಯವಿಲ್ಲದೆ, ಬಹುಶಃ ಹೆಚ್ಚಿನ ಪ್ರತಿಭೆಯೂ ಇಲ್ಲದೆ, 1950ರ ದಶಕದಲ್ಲಿ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಎಂಬ ಚಿತ್ರ ಮಾಡಿದ. ಅದರಲ್ಲಿ ಹಾರುವ ತಟ್ಟೆಗಳು ದಾರಕ್ಕೆ ತೂಗುತ್ತವೆ. 1931ರಲ್ಲಿ ಡ್ರಾಕುಲಾ ಪಾತ್ರದಿಂದ ಜಗತ್ಪ್ರಸಿದ್ಧನಾಗಿದ್ದ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡಿದ್ದ. ಅದಕ್ಕೂ ಮೊದಲು ತೆಗೆದಿದ್ದ ಕೆಲವು ತುಣುಕುಗಳನ್ನು ವುಡ್ ಈ ಚಿತ್ರದಲ್ಲಿ ಸೇರಿಸಿ, ಉಳಿದ ದೃಶ್ಯಗಳಲ್ಲಿ ಬೇರೊಬ್ಬನ ಮುಖಕ್ಕೆ ನಿಲುವಂಗಿಯನ್ನು ಅಡ್ಡ ಹಿಡಿಸಿ ಕೆಲಸ ಮುಗಿಸಿದ. 1980ರಲ್ಲಿ ಆ ಚಿತ್ರಕ್ಕೆ ಜಗತ್ತಿನ ಅತಿ ಕೆಟ್ಟ ಚಿತ್ರವೆಂಬ ಬಿರುದನ್ನು ತಮಾಷೆಗಾಗಿ ಕೊಟ್ಟರು. ಅಷ್ಟರಲ್ಲಿ ವುಡ್ ಬದುಕಿರಲಿಲ್ಲ. 1978ರಲ್ಲಿ ಬಡತನದಲ್ಲೇ ಕಣ್ಣುಮುಚ್ಚಿದ್ದ. ಅಂದಿನಿಂದ ಲಕ್ಷಾಂತರ ಜನ ಆ ಚಿತ್ರ ನೋಡಿ ನಕ್ಕಿದ್ದಾರೆ.

ಆ ನಗುವಿನಲ್ಲಿ ಎರಡು ಬಗೆಯಿದೆ. ಒಂದು, ಮೇಲೆ ಕುಳಿತು ಕೆಳಗಿನವನನ್ನು ನೋಡಿ ನಗುವ ನಗು. 'ನೋಡು, ಇವನಿಗೆ ಇಷ್ಟೂ ಬರುವುದಿಲ್ಲ' ಎಂಬ ತಿರಸ್ಕಾರ ಅದರಲ್ಲಿದೆ. ಇನ್ನೊಂದು, ಅಂಗಳದಲ್ಲಿ ಮಕ್ಕಳು ಗೋಣಿಚೀಲ ಹೊದ್ದು ರಾಜ ರಾಣಿಯರಾಗಿ ನಾಟಕವಾಡಿದಾಗ ಅಜ್ಜ ನಗುವ ನಗು. ಅಜ್ಜನಿಗೂ ಗೋಣಿಚೀಲ ಕಾಣುತ್ತದೆ. ಆದರೆ ಆ ಚೀಲದೊಳಗಿನ ಉತ್ಸಾಹವೂ ಕಾಣುತ್ತದೆ. ಮೊದಲನೆಯ ನಗು ಇನ್ನೊಬ್ಬರ ಕೊರತೆಯನ್ನು ತಿಂದು ಬೆಳೆಯುತ್ತದೆ. ಎರಡನೆಯದು ಕೊರತೆಯನ್ನು ಕಂಡೂ ಕೈಬಿಡುವುದಿಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಧರ್ಮಕೇಂದ್ರದ ಗಾಯನವೃಂದದಲ್ಲಿ ದನಿ ತಪ್ಪಿದವರನ್ನು ನೋಡಿ ನಾವು ನಗುವುದು ಯಾವ ನಗು? ಹಳೆಯ ಸಿನಿಮಾದ ಮುಂದೆ ರೂಢಿಯಾದ ನಗುವೇ ಅಲ್ಲಿಯೂ ನಮ್ಮ ತುಟಿಗೆ ಬರುತ್ತದೆ. ಆದ್ದರಿಂದ ಅದು ಸಣ್ಣ ವಿಷಯವಲ್ಲ.

ದೆವ್ವ ಪಿಶಾಚಿಗಳ ಚಿತ್ರದಿಂದ ಒಳ್ಳೆಯದೇನು ಬಂದೀತು ಎನ್ನುವವರಿಗೆ ಒಂದು ದೃಶ್ಯವನ್ನು ಹೇಳಬಯಸುತ್ತೇನೆ. 1935ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' ಚಿತ್ರದಲ್ಲಿ, ಹೆಣಗಳ ತುಂಡುಗಳಿಂದ ವಿಜ್ಞಾನಿಯೊಬ್ಬ ಜೋಡಿಸಿದ ವಿಕಾರ ಜೀವಿಯನ್ನು ಊರವರೆಲ್ಲ ಬೇಟೆಯಾಡುತ್ತಾರೆ. ಗಾಯಗೊಂಡು ಕಾಡಿನಲ್ಲಿ ಅಲೆಯುವ ಅದಕ್ಕೆ ಪಿಟೀಲಿನ ದನಿ ಕೇಳಿಸುತ್ತದೆ. ಅದೊಬ್ಬ ಕುರುಡ ಸನ್ಯಾಸಿಯ ಗುಡಿಸಲು. ಆತ ಬಂದವನನ್ನು ಒಳಗೆ ಕರೆದು, ಗಾಯವನ್ನು ಉಪಚರಿಸಿ, ಊಟ ಕೊಡುತ್ತಾನೆ. ಒಂಟಿಯಾದ ತನಗೆ ಗೆಳೆಯನೊಬ್ಬನನ್ನು ಕಳುಹಿಸಿದ್ದಕ್ಕಾಗಿ ದೇವರಿಗೆ ವಂದನೆ ಹೇಳಿ ಅಳುತ್ತಾನೆ. ಆ ಜೀವಿಯೂ ಅಳುತ್ತದೆ. ದೃಶ್ಯ ಮಸುಕಾಗುವಾಗ ಗೋಡೆಯ ಮೇಲಿನ ಶಿಲುಬೆಯೊಂದೇ ಕ್ಷಣಕಾಲ ಹೊಳೆಯುತ್ತ ಉಳಿಯುತ್ತದೆ. ಮುಂದೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುತ್ತ ಆತ ಅದಕ್ಕೆ 'ಗೆಳೆಯ' ಎಂಬ ಪದವನ್ನು ಕಲಿಸುತ್ತಾನೆ. ಆಮೇಲೆ ಕಣ್ಣಿರುವ ಇಬ್ಬರು ದಾರಿ ತಪ್ಪಿ ಅಲ್ಲಿಗೆ ಬರುತ್ತಾರೆ. ಬಂದವರು ವಿಕಾರವನ್ನು ನೋಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಆ ಗುಡಿಸಲು ಹೊತ್ತಿ ಉರಿಯುತ್ತದೆ.

ಆ ಜೀವಿಯ ಮುಖಕ್ಕೆ ಹಚ್ಚಿದ ಬಣ್ಣ, ಆ ಕಾಡಿನ ಬಣ್ಣದ ಪರದೆ, ಎಲ್ಲವೂ ಇಂದಿನ ಕಣ್ಣಿಗೆ ಕಾಣುತ್ತವೆ. ಅದರೊಡನೆ ಇನ್ನೊಂದೂ ಕಾಣುತ್ತದೆ: ಭಯಂಕರವಾದದ್ದು ಹೊಲಿದ ಮುಖವಲ್ಲ, ಮುಖ ನೋಡಿದೊಡನೆ ಬಂದೂಕಿಗೆ ಕೈಹಾಕುವ ಮನಸ್ಸು.

ಶುಭಸಂದೇಶದಲ್ಲಿಯೂ ಶಿಷ್ಯರು ದೆವ್ವವನ್ನು ಕಂಡೆವೆಂದು ಹೆದರಿದ್ದುಂಟು. ಸಮುದ್ರದ ಮೇಲೆ ನಡೆದು ಬಂದ ಯೇಸುವನ್ನು ಕಂಡು ಅವರು ಚೀರಿದರೆಂದು ಸಂತ ಮಾರ್ಕ ಬರೆಯುತ್ತಾರೆ. ಪುನರುತ್ಥಾನದ ಸಂಜೆ ಅವರು ಮತ್ತೆ ಹಾಗೆಯೇ ನಡುಗಿದರೆಂದು ಸಂತ ಲೂಕರು ಹೇಳುತ್ತಾರೆ. ಆಗ ಪ್ರಭು ಅವರನ್ನು ಗದರಿಸಿ ಓಡಿಸಲಿಲ್ಲ. ಕೈಕಾಲುಗಳನ್ನು ತೋರಿಸಿದರು, ಮುಟ್ಟಿ ನೋಡಲು ಹೇಳಿದರು, ತಿನ್ನಲು ಏನಾದರೂ ಇದೆಯೇ ಎಂದು ಕೇಳಿ ಸುಟ್ಟ ಮೀನಿನ ತುಂಡನ್ನು ಅವರ ಎದುರಿಗೇ ತಿಂದರು. ಭಯಕ್ಕೆ ಪ್ರಭು ಕೊಟ್ಟ ಮದ್ದು ಇದು: ಹತ್ತಿರ ಬಂದು ನೋಡುವುದು, ಮುಟ್ಟುವುದು, ಒಟ್ಟಿಗೆ ಊಟ ಮಾಡುವುದು.

ಆದುದರಿಂದ ಪ್ರಿಯ ಪೋಷಕರೇ, ಹಳೆಯ ದೆವ್ವದ ಚಿತ್ರಗಳನ್ನು ಮನೆಯಿಂದ ಅಟ್ಟಬೇಕೆಂದು ನಾನು ಹೇಳಲಾರೆ. ಹಾಗೆಂದು ಎಲ್ಲವನ್ನೂ ಎಲ್ಲರಿಗೂ ತೋರಿಸಬಹುದೆಂದೂ ಹೇಳುವುದಿಲ್ಲ. ಎಳೆಯ ಮಕ್ಕಳ ನಿದ್ದೆ ಕೆಡಿಸುವುದು ವಿನೋದವಲ್ಲ. ಕ್ರೌರ್ಯವನ್ನೇ ಸವಿಯಲು ಮಾಡಿದ ಚಿತ್ರಗಳೂ ಇವೆ, ಅವು ಬೇರೆಯ ಜಾತಿ. ಉಳಿದವನ್ನು ನೋಡುವುದಾದರೆ ಒಟ್ಟಿಗೆ ಕುಳಿತು ನೋಡಿ. ತಂದೆ ಮೊಬೈಲು ಹಿಡಿದು ಒಂದು ಮೂಲೆಯಲ್ಲಿ, ಮಕ್ಕಳು ತಮ್ಮ ಮೊಬೈಲು ಹಿಡಿದು ಇನ್ನೊಂದು ಮೂಲೆಯಲ್ಲಿ ಹೆದರುವುದಕ್ಕಿಂತ, ನೆಲದ ಮೇಲೆ ಚಾಪೆ ಹಾಸಿ ಎಲ್ಲರೂ ಕೂಡಿ ಹೆದರುವುದು ಲೇಸು. ದಾರ ಕಂಡಾಗ ಮಕ್ಕಳಿಗೆ ತೋರಿಸಿ. ಅದನ್ನು ಕಟ್ಟಿದ ಕೈಗಳ ಶ್ರಮದ ಬಗ್ಗೆಯೂ ಒಂದು ಮಾತು ಹೇಳಿ. ದೆವ್ವವಾದ ಹೆಣ್ಣಿಗೆ ಬದುಕಿದ್ದಾಗ ಯಾರು ಏನು ಅನ್ಯಾಯ ಮಾಡಿದ್ದರು ಎಂದು ಕೇಳಿ. ಇಂಥ ಬಹಳಷ್ಟು ಕಥೆಗಳ ಬುಡದಲ್ಲಿ ನ್ಯಾಯ ಸಿಗದ ಒಂದು ಸಾವು ಇರುತ್ತದೆ.

ಕೊನೆಗೊಂದು ಪರೀಕ್ಷೆ ಸಾಕು. ಚಿತ್ರ ಮುಗಿದು ದೀಪ ಹತ್ತಿದ ಮೇಲೆ, ನಿಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಂಟಿಯಾಗಿರುವ ವಿಧವೆ, ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಮುದುಕ, ಮುಖ ಸುಟ್ಟುಹೋದ ಹುಡುಗಿ, ಇವರು ನಿಮಗೆ ಇನ್ನೂ ಸ್ವಲ್ಪ ಹತ್ತಿರದವರಾಗಿ ಕಂಡರೋ, ಇನ್ನೂ ಸ್ವಲ್ಪ ದೂರದವರಾಗಿ ಕಂಡರೋ? ಹತ್ತಿರದವರಾದರೆ ಆ ಸಂಜೆ ವ್ಯರ್ಥವಾಗಲಿಲ್ಲ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಕಾಲ ಒಂದಿತ್ತು. ನಮ್ಮ ಮನೆಗಳ ಬಾಗಿಲು ತಟ್ಟಿದವರಿಗೆ 'ಒಳಗೆ ಬನ್ನಿ' ಎಂಬ ಮಾತು ಕೇಳಿಸಲಿ.